ಬ್ಯಾಗಿನ ತಳದಲ್ಲಿರುವ ಪಂಪು

ನಮ್ಮ ಕಾಲೇಜಿನಲ್ಲಿ ಕನ್ನಡಕ ಹಾಕಲು ಯಾರೂ ನಾಚುವುದಿಲ್ಲ. ಇನ್‌ಹೇಲರ್ ಎಳೆಯಬೇಕಾದರೆ ಮಾತ್ರ ಶೌಚಾಲಯಕ್ಕೆ ಹೋಗುತ್ತಾರೆ. ನನಗೆ ಏಳನೇ ತರಗತಿಯಿಂದ ಆಸ್ತಮಾ ಇರುವುದರಿಂದ ಪಂಪಿನ ಆ 'ಪುಸ್' ಶಬ್ದ ನನ್ನ ಕಿವಿಗೆ ಬೇಗ ಬೀಳುತ್ತದೆ. ನಮ್ಮ ಬ್ಯಾಚಿನಲ್ಲಿ ಪಂಪು ಇರುವವರು ನಾನೊಬ್ಬಳೇ ಅಲ್ಲ.

ಪ್ರಾಯದವರು ಔಷಧಿ ಬಿಡುವ ರೀತಿ ಒಂದೇ. ಉಬ್ಬಸ ನಿಂತಿತು, ಪಂಪು ಮೇಜಿನ ಖಾನೆ ಸೇರಿತು. ಆದರೆ ಉಬ್ಬಸ ಇಲ್ಲದ ದಿನವೂ ಶ್ವಾಸನಾಳದೊಳಗೆ ಊತ ಇರುತ್ತದೆ. ಅದನ್ನು ಇಳಿಸುವುದು ದಿನವೂ ತೆಗೆದುಕೊಳ್ಳುವ ಸ್ಟೀರಾಯ್ಡ್ ಇನ್‌ಹೇಲರ್. ಸಾಲ್ಬುಟಮಾಲ್ ಪಂಪು ನಾಳವನ್ನು ಸ್ವಲ್ಪ ಹೊತ್ತು ಅಗಲಿಸುತ್ತದೆ, ಊತವನ್ನು ಮುಟ್ಟುವುದಿಲ್ಲ. ಗ್ಲೋಬಲ್ ಇನಿಶಿಯೇಟಿವ್ ಫಾರ್ ಆಸ್ತಮಾ ಎಂಬ ಸಂಸ್ಥೆ 2019ರಲ್ಲೇ ಹದಿಹರೆಯದವರಿಗೂ ದೊಡ್ಡವರಿಗೂ ಸಾಲ್ಬುಟಮಾಲ್ ಒಂದನ್ನೇ ಕೊಡಬಾರದು ಎಂದು ಹೇಳಿದೆ. ನಾವು ಬಿಡುವುದು ಮೊದಲನೆಯದನ್ನು, ಹಿಡಿದುಕೊಳ್ಳುವುದು ಎರಡನೆಯದನ್ನು. ಜಗತ್ತಿನಲ್ಲಿ ಆಸ್ತಮಾದಿಂದ ಸಾಯುವವರಲ್ಲಿ ಶೇ 40ಕ್ಕೂ ಹೆಚ್ಚು ಮಂದಿ ಭಾರತದವರು ಎಂಬ ಲೆಕ್ಕಕ್ಕೆ ಇದೂ ಒಂದು ಕಾರಣ.

ಹಿರಿಯರ ಕತೆ ಬೇರೆ. ಅವರಿಗೆ ನಾಚಿಕೆ ಇಲ್ಲ, ಹೆದರಿಕೆ ಇದೆ. "ಪಂಪು ಶುರು ಮಾಡಿದರೆ ಸಾಯುವವರೆಗೆ ಬಿಡಲಿಕ್ಕಾಗುವುದಿಲ್ಲ, ಮಾತ್ರೆಯೇ ಒಳ್ಳೆಯದು" ಎಂದು ಕಾರ್ಕಳದ ನನ್ನ ಅಜ್ಜಿ ಹೇಳುತ್ತಿದ್ದರು. ನಿಜ ಇದಕ್ಕೆ ತದ್ವಿರುದ್ಧ. ಸಾಲ್ಬುಟಮಾಲ್‌ನ 4 ಮಿಲಿಗ್ರಾಂ ಮಾತ್ರೆ ಒಂದರಲ್ಲಿರುವ ಮದ್ದು ಪಂಪಿನ 40 ಒತ್ತುಗಳಿಗೆ ಸಮ. ಮಾತ್ರೆಯ ಮದ್ದು ಇಡೀ ಮೈಗೆ ಹೋಗಿ ಕೈ ನಡುಗಿಸುತ್ತದೆ, ಎದೆ ಹೊಡೆದುಕೊಳ್ಳುವಂತೆ ಮಾಡುತ್ತದೆ. ಪಂಪಿನದು ಎಲ್ಲಿ ಬೇಕೋ ಹೆಚ್ಚಾಗಿ ಅಲ್ಲಿಗೇ ಹೋಗುತ್ತದೆ.

ಒಪ್ಪಿಸಿದ ಮೇಲೂ ಮುಗಿಯಲಿಲ್ಲ. ಪುಡಿ ತುಂಬಿದ ಕ್ಯಾಪ್ಸೂಲ್ ಕೊಟ್ಟಿದ್ದರು, ಯಂತ್ರದಲ್ಲಿ ಹಾಕಿ ಎಳೆಯಬೇಕಾದದ್ದು. ಅಜ್ಜಿ ಹತ್ತು ದಿನ ನೀರಿನ ಜತೆ ನುಂಗಿದರು! ಯಾರೂ ತೋರಿಸಿ ಕೊಟ್ಟಿರಲಿಲ್ಲ. ಗಂಟುನೋವಿನ ಬೆರಳುಗಳಿಗೆ ಪಂಪು ಒತ್ತುವುದೂ ಕಷ್ಟ, ಒತ್ತುವುದಕ್ಕೂ ಉಸಿರು ಎಳೆಯುವುದಕ್ಕೂ ತಾಳ ಸೇರಬೇಕು. ಸ್ಪೇಸರ್ ಇದ್ದರೆ ಆ ತಾಳದ ಚಿಂತೆ ಇಲ್ಲ. ಮೇಲಿಂದ ನಮ್ಮ ಮನೆಗಳಲ್ಲಿ ಬಚ್ಚಲ ಒಲೆಗೆ ಇನ್ನೂ ತೆಂಗಿನ ಸಿಪ್ಪೆ, ಮಡಲು ಉರಿಸುತ್ತೇವೆ, ಮಳೆಗಾಲದ ನಾಲ್ಕು ತಿಂಗಳು ಗೋಡೆಗೆ ಬೂಸ್ಟು ಹಿಡಿಯುತ್ತದೆ. ಅಜ್ಜಿಯ ಏದುಸಿರನ್ನು "ಪ್ರಾಯ ಆಯ್ತಲ್ಲ" ಎಂದು ಬಿಟ್ಟುಬಿಡುತ್ತೇವೆ.

ರಂಜಾನ್ ಬಂದಾಗ ಎರಡೂ ತಲೆಮಾರಿನವರು ಔಷಧಿ ನಿಲ್ಲಿಸುತ್ತಾರೆ. ಇನ್‌ಹೇಲರ್‌ನಿಂದ ಉಪವಾಸ ಮುರಿಯುತ್ತದೆಯೇ ಎಂಬುದರಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿದೆ. ಸೌದಿಯ ಇಬ್ನ್ ಬಾಝ್, ಇಬ್ನ್ ಉಸೈಮೀನ್ ಮುರಿಯುವುದಿಲ್ಲ ಎಂದವರು. ನಮ್ಮ ದೇಶದ ಅನೇಕ ಉಲಮಾಗಳು ಮುರಿಯುತ್ತದೆ ಎನ್ನುತ್ತಾರೆ. ಅದನ್ನು ತೀರ್ಮಾನಿಸುವಷ್ಟು ನಾನು ಕಲಿತವಳಲ್ಲ, ನಿಮ್ಮ ಉಸ್ತಾದರನ್ನು ಕೇಳಿ. ಆದರೆ ಹೆಚ್ಚಿನವರಿಗೆ ಈ ಪ್ರಶ್ನೆ ಏಳುವುದೇ ಇಲ್ಲ ಎಂಬುದು ನನ್ನ ವಾದ. ದಿನಕ್ಕೆ ಎರಡು ಸಲದ ಇನ್‌ಹೇಲರನ್ನು ಸಹ್ರಿ ಮುಗಿಯುವ ಮೊದಲು ಒಮ್ಮೆ, ಇಫ್ತಾರಿನ ಬಳಿಕ ಒಮ್ಮೆ ತೆಗೆದುಕೊಂಡರೆ ಆಯಿತು. ಹಗಲಲ್ಲಿ ದಮ್ಮು ಏರಿದರೆ ಪಂಪು ಎಳೆಯಲೇಬೇಕು. ಮುರಿಯುತ್ತದೆ ಎನ್ನುವವರ ಪ್ರಕಾರವೂ ರೋಗಿಗೆ ವಿನಾಯಿತಿ ಇದೆ, ಆ ಉಪವಾಸವನ್ನು ಮತ್ತೆ ಹಿಡಿಯಬಹುದು. ವಾರ್ಷಿಕ ಪರೀಕ್ಷೆಯೂ ರಂಜಾನೂ ಒಟ್ಟಿಗೆ ಬರುವ ವರ್ಷಗಳಲ್ಲಿ ಇದು ಇನ್ನೂ ಮುಖ್ಯ.

ಸ್ಟೀರಾಯ್ಡ್ ಇನ್‌ಹೇಲರ್ ಎಳೆದ ಮೇಲೆ ಬಾಯಿ ಮುಕ್ಕಳಿಸದಿದ್ದರೆ ಬಾಯಲ್ಲಿ ಬಿಳಿ ಹುಣ್ಣಾಗಬಹುದು. ವುಝೂವಿಗೆ ಸ್ವಲ್ಪ ಮೊದಲು ಎಳೆದರೆ ಮುಕ್ಕಳಿಸುವುದು ತಾನಾಗಿ ಆಗುತ್ತದೆ, ಮರೆತುಹೋಗುವುದೂ ಇಲ್ಲ. ಅಜ್ಜಿ ಈಗ ವರ್ಷವಿಡೀ ಫಜ್ರ್‌ಗೆ, ಮಗ್ರಿಬ್‌ಗೆ ಹೀಗೆಯೇ ಮಾಡುತ್ತಾರೆ.

ಮೃಗಶಿರ ಮಳೆಯ ದಿನ ಹೈದರಾಬಾದಿಗೆ ಮೀನಿನ ಮದ್ದಿಗೆ ಸಾವಿರಾರು ಜನ ಹೋಗುತ್ತಾರೆ. ವರ್ಷಕ್ಕೊಮ್ಮೆ ನುಂಗಿ ಮರೆಯಬಹುದಾದ ಮದ್ದಿನ ಆಸೆ ನನಗೂ ಅರ್ಥವಾಗುತ್ತದೆ. ಆದರೆ ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆ, ಅಜ್ಜರಕಾಡಿನ ಜಿಲ್ಲಾಸ್ಪತ್ರೆ ಇಷ್ಟು ಹತ್ತಿರ ಇರುವಾಗ ಒಮ್ಮೆ ಹೋಗಿ ಪಂಪು ಎಳೆಯುವ ಕ್ರಮ ಸರಿಯೇ ಎಂದು ತೋರಿಸಿಕೊಂಡು ಬರಬಹುದು. ಖರ್ಚು ಹೆಚ್ಚಾದರೆ ಸುಮ್ಮನೆ ನಿಲ್ಲಿಸಬೇಡಿ, ಕಡಿಮೆ ಬೆಲೆಯದು ಬರೆದುಕೊಡಿ ಎಂದು ಡಾಕ್ಟರನ್ನೇ ಕೇಳಿ, ಜನೌಷಧಿ ಕೇಂದ್ರದಲ್ಲಿ ವಿಚಾರಿಸಿ.

ಪ್ರಾಂಶುಪಾಲರಲ್ಲಿ, ಅಧ್ಯಾಪಕರಲ್ಲಿ ಮೂರು ಕೋರಿಕೆ. ಪರೀಕ್ಷಾ ಕೊಠಡಿಯಲ್ಲಿ ಪಂಪು ಮೇಜಿನ ಮೇಲೆಯೇ ಇಡಲು ಬಿಡಿ, ಹೊರಗಿನ ಬ್ಯಾಗಿನಲ್ಲಿ ಇದ್ದರೆ ಪ್ರಯೋಜನವಿಲ್ಲ. ಆಫೀಸಿನ ಪ್ರಥಮ ಚಿಕಿತ್ಸೆ ಪೆಟ್ಟಿಗೆಯಲ್ಲಿ ಒಂದು ಸಾಲ್ಬುಟಮಾಲ್ ಪಂಪು ಮತ್ತು ಸ್ಪೇಸರ್ ಇರಲಿ, ಬಳಸುವುದು ಇಬ್ಬರಿಗಾದರೂ ಗೊತ್ತಿರಲಿ. ತರಗತಿಯಲ್ಲಿ ಯಾರಾದರೂ ಪಂಪು ತೆಗೆದರೆ ಪಾಠ ನಿಲ್ಲಿಸಿ ನೋಡಬೇಡಿ, ಮುಂದುವರಿಸಿ.