ಮೂರನೆಯವನಿಗೆ ಒಲಿದ ಸಂಸ್ಥಾನ

ಹೊಟ್ಟೆಪಾಡಿಗಾಗಿ ಹೊರನಾಡಿಗೆ ಬಂದು ನೆಲೆಸಿದ ಜನ ಚುನಾವಣೆಯ ದಿನ ಯಾರಿಗೆ ಓಟು ಹಾಕುತ್ತಾರೆಂಬುದು ಊರವರಿಗೆ ಯಾವಾಗಲೂ ಕುತೂಹಲದ ಸಂಗತಿ. ಒಟ್ಟಾಗಿ ಹಾಕಿದರೆ ಗುಂಪುಗಾರಿಕೆಯೆನ್ನುತ್ತಾರೆ. ಚದುರಿ ಹಾಕಿದರೆ ಲೆಕ್ಕಕ್ಕೇ ಹಿಡಿಯುವುದಿಲ್ಲ. ಇಂಥ ಜನರ ಓಟಿನ ಒಂದು ಹಳೆಯ ಕಥೆಯನ್ನು ಈ ಸಲ ವಾಚಕರ ಮುಂದಿಡಬೇಕೆಂದು ನಮಗೆ ತೋರಿದೆ. ಕಥೆ ನಮ್ಮ ದೇಶದ್ದಲ್ಲ, ಅಮೆರಿಕದ್ದು. ಅದೂ ಇಡೀ ಅಮೆರಿಕದ್ದಲ್ಲ. 1924ರ ಅಧ್ಯಕ್ಷ ಚುನಾವಣೆಯಲ್ಲಿ ವಿಸ್ಕಾನ್ಸಿನ್ ಎಂಬ ಒಂದೇ ಒಂದು ಸಂಸ್ಥಾನ ನಡೆದುಕೊಂಡ ರೀತಿಯದ್ದು.

ಆ ವರ್ಷ ಕಣದಲ್ಲಿ ಎರಡು ದೊಡ್ಡ ಪಕ್ಷಗಳ ಇಬ್ಬರು ಉಮೇದುವಾರರಿದ್ದರು. ರಿಪಬ್ಲಿಕನ್ ಪಕ್ಷದವರು ಅಧಿಕಾರದಲ್ಲಿದ್ದ ಕ್ಯಾಲ್ವಿನ್ ಕೂಲಿಜ್. ಡೆಮೊಕ್ರಾಟಿಕ್ ಪಕ್ಷದವರು ಜಾನ್ ಡೇವಿಸ್ ಎಂಬ ವಕೀಲರು. ಇವರನ್ನು ಆರಿಸಲು ಅವರ ಪಕ್ಷದ ಅಧಿವೇಶನ ನ್ಯೂಯಾರ್ಕಿನಲ್ಲಿ ಎರಡು ವಾರ ಕುಳಿತು 103 ಸಲ ಮತ ಎಣಿಸಬೇಕಾಯಿತು! ಇವರಿಬ್ಬರ ನಡುವೆ ಮೂರನೆಯವರಾಗಿ ನಿಂತವರು ವಿಸ್ಕಾನ್ಸಿನ್ನಿನ ಸೆನೆಟರ್ ರಾಬರ್ಟ್ ಲಾ ಫಾಲೆಟ್. ವಯಸ್ಸು 69. ಜುಲೈ 4ರಂದು ಕ್ಲೀವ್‌ಲೆಂಡಿನಲ್ಲಿ ಕೂಡಿದ ರೈತರು, ರೈಲ್ವೆ ಕಾರ್ಮಿಕರು, ಸಮಾಜವಾದಿಗಳು, ಸುಧಾರಣಾವಾದಿಗಳು ಅವರನ್ನು ಎತ್ತಿ ನಿಲ್ಲಿಸಿದ್ದರು. ಪ್ರಚಾರದ ಹಣದ ವಿಷಯ ಹೇಳುವುದಾದರೆ, ರಿಪಬ್ಲಿಕನ್ನರು ನಲವತ್ತು ಲಕ್ಷ ಡಾಲರಿಗೂ ಮೇಲೆ ಖರ್ಚುಮಾಡಿದರು. ಲಾ ಫಾಲೆಟ್ ಕಡೆಯವರ ಬಳಿ ಎರಡು ಲಕ್ಷದ ಚಿಲ್ಲರೆ ಮಾತ್ರ ಇತ್ತು.

ಅಲ್ಲಿಯ ಚುನಾವಣಾ ಪದ್ಧತಿಯನ್ನು ಒಂದು ಮಾತಿನಲ್ಲಿ ಹೇಳಬೇಕು. ಅಧ್ಯಕ್ಷರನ್ನು ಆರಿಸುವವರು ನಿರ್ವಾಚಕರು. ಸಂಸ್ಥಾನಕ್ಕೆ ಇಷ್ಟೆಂದು ಅವರ ಸಂಖ್ಯೆ ಗೊತ್ತಾಗಿರುತ್ತದೆ. ಆಗ ಒಟ್ಟು 531 ನಿರ್ವಾಚಕರಲ್ಲಿ ವಿಸ್ಕಾನ್ಸಿನ್ ಪಾಲಿಗೆ 13. ಸಂಸ್ಥಾನದಲ್ಲಿ ಯಾರಿಗೆ ಹೆಚ್ಚು ಓಟೋ ಆ ಹದಿಮೂರೂ ಅವರಿಗೇ, ಎರಡನೆಯವರಿಗೆ ಸೊನ್ನೆ. ನಮ್ಮಲ್ಲಿ ರಾಷ್ಟ್ರಪತಿಯನ್ನು ಆರಿಸುವ ಸದಸ್ಯರು ಎರಡನೆಯ ಆಯ್ಕೆಯನ್ನೂ ಬರೆಯಬಹುದು. 1969ರಲ್ಲಿ ಗಿರಿ, ಸಂಜೀವ ರೆಡ್ಡಿ, ಸಿ. ಡಿ. ದೇಶಮುಖ್ ಸ್ಪರ್ಧಿಸಿದಾಗ ವಿ. ವಿ. ಗಿರಿಯವರು ಗೆದ್ದುದು ಈ ಎರಡನೆಯ ಆಯ್ಕೆಗಳ ಎಣಿಕೆಯಾದ ಮೇಲೆಯೇ. ವಿಸ್ಕಾನ್ಸಿನ್ನಿನ ಮತದಾರನಿಗೆ ಅಂಥ ಸೌಕರ್ಯ ಇರಲಿಲ್ಲ. ಮೂರನೆಯವರಿಗೆ ಹಾಕಿದ ಓಟು ದಂಡವಾಗುತ್ತದೆ, ಯಾರಿಗೂ ಬಹುಮತ ಬಾರದೆ ದೇಶ ಅರಾಜಕವಾಗುತ್ತದೆ ಎಂದು ಊರೂರಿನಲ್ಲಿ ಸಾರಲಾಗುತ್ತಿತ್ತು. 'ಕೂಲಿಜ್, ಇಲ್ಲವೇ ಅರಾಜಕತೆ' ಎಂಬುದೇ ರಿಪಬ್ಲಿಕನ್ನರ ಘೋಷಣೆಯಾಗಿತ್ತು.

ಇನ್ನು ಆ ನಾಡಿನ ಜನರ ವಿಷಯ. ಮಿಷಿಗನ್ ಸರೋವರದ ದಡದ ವಿಸ್ಕಾನ್ಸಿನ್ ಹಾಲು, ಬೆಣ್ಣೆ, ಚೀಸ್‌ಗಳ ನಾಡು. ಅದರ ದೊಡ್ಡ ಪಟ್ಟಣ ಮಿಲ್ವಾಕಿ ಬೀರಿಗೆ ಹೆಸರಾದದ್ದು. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿಗೆ ಜರ್ಮನರು ತಂಡತಂಡವಾಗಿ ಬಂದು ನೆಲೆಸಿದರು. ನಾರ್ವೆಯವರು, ಪೋಲೆಂಡಿನವರು ಬೇರೆ. 1900ರ ಹೊತ್ತಿಗೆ ಸಂಸ್ಥಾನದ ಜನರಲ್ಲಿ ಸುಮಾರು ಮೂರರಲ್ಲೊಂದು ಪಾಲು ಜರ್ಮನಿಯಲ್ಲಿ ಹುಟ್ಟಿದವರು ಅಥವಾ ಅಂಥವರ ಮಕ್ಕಳು. ಚರ್ಚಿನಲ್ಲಿ ಜರ್ಮನ್ ಪ್ರಾರ್ಥನೆ, ಚರ್ಚಿನ ಶಾಲೆಯಲ್ಲಿ ಜರ್ಮನ್ ಪಾಠ, ಮನೆಬಾಗಿಲಿಗೆ ಜರ್ಮನ್ ಪತ್ರಿಕೆ, ಸಂಜೆಗೆ ಹಾಡಿನ ಸಂಘ. ಮುಂಬಯಿ, ಪುಣೆಗಳಲ್ಲಿ ಕನ್ನಡ ಸಂಘ ಕಟ್ಟಿ, ನಾಟಕ ಆಡಿಸಿ, ಮಕ್ಕಳಿಗೆ ಅಕ್ಷರ ತಿದ್ದಿಸಿದ ಹಿರಿಯರನ್ನು ಕಂಡ ನಮ್ಮ ವಾಚಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಜನ ಭಾಷೆಯ ಪ್ರಶ್ನೆಗೆ ಓಟಿನಿಂದ ಉತ್ತರ ಕೊಟ್ಟದ್ದು 1924ರಲ್ಲೇ ಮೊದಲಲ್ಲ. 1889ರಲ್ಲಿ ಅಲ್ಲಿಯ ಶಾಸನಸಭೆ ಬೆನೆಟ್ ಕಾಯಿದೆ ಎಂಬುದನ್ನು ಮಾಡಿತು. ಓದು, ಬರಹ, ಗಣಿತ, ಅಮೆರಿಕದ ಇತಿಹಾಸ ಇವಿಷ್ಟನ್ನು ಇಂಗ್ಲಿಷಿನಲ್ಲಿ ಕಲಿಸದ ಶಾಲೆ ಶಾಲೆಯೇ ಅಲ್ಲ ಎಂಬುದು ಅದರ ತಾತ್ಪರ್ಯ. ಹೊರನೋಟಕ್ಕೆ ಇದರಲ್ಲಿ ತಪ್ಪೇನು ಎನ್ನಿಸೀತು. ಇಂಗ್ಲಿಷ್ ಬಾರದೆ ಆ ದೇಶದಲ್ಲಿ ಬಾಳುವುದು ಹೇಗೆ? ಆದರೆ ಜರ್ಮನ್ ತಾಯಿತಂದೆಗಳು ಅದನ್ನು ತಮ್ಮ ಶಾಲೆಯ ಕತ್ತು ಹಿಸುಕುವ ಕಾಯಿದೆಯೆಂದು ತಿಳಿದರು. ಉಳಿದ ವಿಷಯದಲ್ಲಿ ಒಬ್ಬರನ್ನೊಬ್ಬರು ಕಂಡರಾಗದ ಲುಥೆರನ್ನರೂ ಕೆಥೊಲಿಕರೂ ಒಂದಾದರು. 1890ರ ಚುನಾವಣೆಯಲ್ಲಿ ಕಾಯಿದೆಯ ಬೆಂಬಲಕ್ಕೆ ನಿಂತ ರಿಪಬ್ಲಿಕನ್ ಗವರ್ನರ್ ಸೋತರು. ಮರುವರ್ಷ ಕಾಯಿದೆ ರದ್ದಾಯಿತು. ಅಂದು ಆ ಪಕ್ಷದ ಮೇಲೆ ಬಿದ್ದ ಏಟಿನಲ್ಲಿ ಕಾಂಗ್ರೆಸ್ ಸ್ಥಾನ ಕಳೆದುಕೊಂಡವರಲ್ಲಿ 35 ವರ್ಷದ ಯುವಕರೊಬ್ಬರಿದ್ದರು. ಅವರೇ ಲಾ ಫಾಲೆಟ್! ಆ ಕಾಯಿದೆ ಅವರು ಮಾಡಿದ್ದಲ್ಲ. ಸೋಲಿಗೆ ಆಮದು ಸುಂಕದ ಏರಿಕೆಯಂಥ ಬೇರೆ ಕಾರಣಗಳೂ ಇದ್ದವು. ಆದರೂ ಪರಭಾಷೆಯ ಒಕ್ಕಲಿನ ಮನಸ್ಸು ಮುರಿದರೆ ಏನಾಗುತ್ತದೆಂಬುದು ಅವರ ಅನುಭವಕ್ಕೆ ಬಂದದ್ದು ಹೀಗೆ.

ಲಾ ಫಾಲೆಟ್ ಜರ್ಮನರಲ್ಲ. ತಂದೆಯ ಕಡೆಯ ಮೂಲ ಫ್ರೆಂಚ್. 1855ರಲ್ಲಿ ಪ್ರಿಮ್‌ರೋಸ್ ಎಂಬ ಹಳ್ಳಿಯ ಮರದ ದಿಮ್ಮಿಯ ಮನೆಯಲ್ಲಿ ಹುಟ್ಟಿದರು. ಒಂದು ವರ್ಷ ತುಂಬುವ ಮೊದಲೇ ತಂದೆ ತೀರಿಕೊಂಡರು. ಮ್ಯಾಡಿಸನ್ನಿನ ವಿಶ್ವವಿದ್ಯಾನಿಲಯದಲ್ಲಿ ಓದಿ ವಕೀಲರಾದರು. ಸಹಪಾಠಿ ಬೆಲ್ ಕೇಸ್ ಅವರ ಕೈಹಿಡಿದರು. ಆ ಮಹಿಳೆ ಮದುವೆಯ ಪ್ರತಿಜ್ಞೆಯಿಂದ 'ವಿಧೇಯಳಾಗಿರುವೆ' ಎಂಬ ಮಾತನ್ನು ತೆಗೆಸಿದವರು, ಆ ವಿಶ್ವವಿದ್ಯಾನಿಲಯದ ನ್ಯಾಯಶಾಸ್ತ್ರ ವಿಭಾಗದಿಂದ 1885ರಲ್ಲಿ ಹೊರಬಂದ ಮೊದಲ ಮಹಿಳಾ ಪದವೀಧರೆ. ಗಂಡನ ಪ್ರಚಾರಕ್ಕೆ ತಾವೇ ವೇದಿಕೆ ಹತ್ತಿ ಮಾತಾಡುತ್ತಿದ್ದರು. ಇವರನ್ನು ಕುರಿತೇ ಬೇರೊಂದು ಲೇಖನ ಬರೆಯಬಹುದು.

1901ರಿಂದ 1906ರ ವರೆಗೆ ಗವರ್ನರರಾಗಿ ಲಾ ಫಾಲೆಟ್ ಮಾಡಿದ ಮುಖ್ಯ ಕೆಲಸ ಎರಡು. ಒಂದು, ಪಕ್ಷದ ಉಮೇದುವಾರರನ್ನು ಯಜಮಾನರು ಕೋಣೆಯೊಳಗೆ ಕುಳಿತು ಆರಿಸುವುದನ್ನು ತಪ್ಪಿಸಿ ಆ ಹಕ್ಕನ್ನು ಮತದಾರರಿಗೆ ಕೊಡಿಸಿದ್ದು. 1904ರಲ್ಲಿ ಜನಾಭಿಪ್ರಾಯಕ್ಕೆ ಹಾಕಿಯೇ ಇದನ್ನು ಗೆದ್ದರು. ಇನ್ನೊಂದು, ರೈಲ್ವೆ ಕಂಪೆನಿಗಳಿಗೆ ಮೂಗುದಾರ ಹಾಕಿದ್ದು. ಅವರಿಗೊಂದು ರೂಢಿಯಿತ್ತು: ಎದುರಾಳಿ ಶಾಸಕನ ಊರಿಗೇ ಹೋಗಿ, ಯಾವ ಮಸೂದೆಗೆ ಆತ ಹೇಗೆ ಮತ ಕೊಟ್ಟನೆಂಬುದನ್ನು ಸಭೆಯಲ್ಲಿ ಹೆಸರು ಹಿಡಿದು ಓದಿಬಿಡುವುದು. ಟೀಕೆ ಬೇಕಿಲ್ಲ, ಓದಿದರೆ ಸಾಕು! ನಮ್ಮ ನಗರಗಳ ಕಾರ್ಪೊರೇಷನ್ ಚುನಾವಣೆಗಳಲ್ಲಿ ಯಾರಾದರೂ ಇದನ್ನು ಒಮ್ಮೆ ಮಾಡಿ ನೋಡಬಾರದೇಕೆ?

ಅನಂತರ ಮಹಾಯುದ್ಧ ಬಂತು. 1917ರ ಏಪ್ರಿಲಿನಲ್ಲಿ ಅಮೆರಿಕ ಜರ್ಮನಿಯ ಮೇಲೆ ಯುದ್ಧ ಸಾರಬೇಕೆಂಬ ನಿರ್ಣಯಕ್ಕೆ ಸೆನೆಟಿನಲ್ಲಿ 82 ಮತ ಪರವಾಗಿ ಬಿದ್ದವು, 6 ವಿರುದ್ಧ. ಆ ಆರರಲ್ಲಿ ಲಾ ಫಾಲೆಟ್ ಒಬ್ಬರು. ಸೆಪ್ಟೆಂಬರಿನಲ್ಲಿ ಸೇಂಟ್ ಪಾಲ್ ನಗರದಲ್ಲಿ ಮಾತಾಡುತ್ತ, ಜರ್ಮನಿಯ ಮೇಲೆ ನಮಗೆ ದೂರುಗಳಿದ್ದವು, ಆದರೆ ಯುದ್ಧಕ್ಕೆ ಅವು ಸಾಲದು ಎಂಬ ಅರ್ಥದಲ್ಲಿ ಹೇಳಿದರು. ಅಸೋಸಿಯೇಟೆಡ್ ಪ್ರೆಸ್ ವರದಿಯಲ್ಲಿ ಅದು 'ದೂರುಗಳಿರಲಿಲ್ಲ' ಎಂದಾಗಿ ದೇಶದ ತುಂಬ ಅಚ್ಚಾಯಿತು. ಒಂದು ನಕಾರದ ಅಕ್ಷರ! ಅವರನ್ನು ಸೆನೆಟಿನಿಂದ ಹೊರಹಾಕಬೇಕೆಂದು ಅರ್ಜಿಗಳು ಬಂದವು; ಸ್ವಂತ ವಿಶ್ವವಿದ್ಯಾನಿಲಯದ ಅಧ್ಯಾಪಕರೇ ಖಂಡನಾಪತ್ರಕ್ಕೆ ರುಜು ಹಾಕಿದರು. ತಿದ್ದುಪಡಿ, ಕ್ಷಮೆ ಎಲ್ಲ ಬಂದದ್ದು 1918ರ ಮೇ ತಿಂಗಳಲ್ಲಿ. ಉಚ್ಚಾಟನೆಯ ಪ್ರಸ್ತಾಪವನ್ನು ಸೆನೆಟ್ ಕೈಬಿಟ್ಟದ್ದು 1919ರ ಜನವರಿಯಲ್ಲಿ.

ಅದೇ ದಿನಗಳಲ್ಲಿ ಜರ್ಮನ್ ಮನೆಗಳ ಪಾಡು ಕೇಳುವಂತಿರಲಿಲ್ಲ. ಅವರ ಹುಳಿ ಎಲೆಕೋಸಿನ ಪದಾರ್ಥಕ್ಕೆ ಕೂಡ 'ಸ್ವಾತಂತ್ರ್ಯದ ಕೋಸು' ಎಂದು ಮರುನಾಮಕರಣವಾಯಿತು. ಇದು ನಗೆಯ ಮಾತಾಯಿತು, ಉಳಿದವು ನಗುವಂಥವಲ್ಲ. ಮಿಲ್ವಾಕಿಯ 'ಡಾಯ್ಚರ್ ಕ್ಲಬ್', ಎಂದರೆ ಜರ್ಮನ್ ಸಂಘ, ತನ್ನ ಫಲಕ ಇಳಿಸಿ 'ವಿಸ್ಕಾನ್ಸಿನ್ ಕ್ಲಬ್' ಎಂದು ಹೆಸರಿಟ್ಟುಕೊಂಡಿತು. ಯುದ್ಧ ಮುಗಿದು ನೂರು ವರ್ಷ ಕಳೆದರೂ ಹಳೆಯ ಹೆಸರು ಮರಳಲಿಲ್ಲ. ವಿಕ್ಟರ್ ಬರ್ಗರ್ ಎಂಬ ಸಮಾಜವಾದಿ ನಾಯಕರನ್ನು ಮಿಲ್ವಾಕಿಯ ಜನ ಕಾಂಗ್ರೆಸ್ಸಿಗೆ ಆರಿಸಿ ಕಳಿಸಿದರೆ, ಯುದ್ಧವಿರೋಧದ ಆಪಾದನೆಯ ಮೇಲೆ ಸಭೆ ಅವರನ್ನು ಒಳಗೆ ಬಿಡಲಿಲ್ಲ. ಜನ ಮತ್ತೆ ಅವರನ್ನೇ ಆರಿಸಿದರು. ಸಭೆ ಮತ್ತೆ ಬಾಗಿಲು ಹಾಕಿತು. 1923ರಲ್ಲಿ ಕೊನೆಗೂ ಅವರಿಗೆ ಪೀಠ ಸಿಕ್ಕಿತು.

ಇಷ್ಟೆಲ್ಲ ನುಂಗಿಕೊಂಡವರಿಗೆ 1924ರ ನವೆಂಬರಿನಲ್ಲಿ ಮತಪತ್ರದ ಮೇಲೆ ಲಾ ಫಾಲೆಟ್ ಹೆಸರು ಕಂಡಿತು. ಫಲಿತಾಂಶ ಇದು: ಲಾ ಫಾಲೆಟ್ ಅವರಿಗೆ 4,53,000ಕ್ಕೂ ಮಿಕ್ಕಿ, ಕೂಲಿಜ್‌ಗೆ 3,11,000ದ ಮೇಲೆ, ಡೇವಿಸ್‌ಗೆ ಕೇವಲ 68,000ದಷ್ಟು ಓಟು. ನೂರಕ್ಕೆ ಸುಮಾರು 54 ಮೂರನೆಯವರಿಗೆ! ದೊಡ್ಡ ಪಕ್ಷವೊಂದರ ಅಧಿಕೃತ ಉಮೇದುವಾರನಿಗೆ ಸಿಕ್ಕಿದ್ದು ನೂರಕ್ಕೆ ಎಂಟು. ಹದಿಮೂರು ನಿರ್ವಾಚಕರೂ ಲಾ ಫಾಲೆಟ್ ಪಾಲಾದರು.

ಇದನ್ನು ಜರ್ಮನರ ಸೇಡಿನ ಓಟೆಂದು ಮಾತ್ರ ಬರೆದು ಮುಗಿಸುವವರಿದ್ದಾರೆ. ನಮಗೆ ಅದು ಸಾಲದೆನಿಸುತ್ತದೆ. 1920ರ ಅನಂತರ ಧಾನ್ಯದ ಬೆಲೆ ಕುಸಿದು ರೈತ ಸಾಲದಲ್ಲಿ ಮುಳುಗಿದ್ದ. 1922ರ ಮುಷ್ಕರದಲ್ಲಿ ಸೋತ ರೈಲ್ವೆ ಕಾರ್ಮಿಕ ಕುದಿಯುತ್ತಿದ್ದ. ನಾರ್ವೆಯ ಒಕ್ಕಲುಗಳಿಗೆ ಲಾ ಫಾಲೆಟ್ ಹಳೆಯ ನೆರೆಮನೆಯವರು. ಅಲ್ಲದೆ ಮುಖಕ್ಕೆ ಮುಸುಕು ಹಾಕಿಕೊಂಡು ಕೆಥೊಲಿಕರನ್ನೂ ಯೆಹೂದ್ಯರನ್ನೂ ಕರಿಯರನ್ನೂ ಹೆದರಿಸುತ್ತಿದ್ದ ಕೂ ಕ್ಲಕ್ಸ್ ಕ್ಲಾನ್ ಸಂಘವನ್ನು ಹೆಸರು ಹಿಡಿದು ಖಂಡಿಸಲು ಡೆಮೊಕ್ರಾಟಿಕ್ ಅಧಿವೇಶನ ಹಿಂದೆಗೆದಿತ್ತು. ಲಾ ಫಾಲೆಟ್ ಬಹಿರಂಗವಾಗಿಯೇ ಖಂಡಿಸಿದರು.

ಒಂದು ತೊಡಕನ್ನೂ ಹೇಳಬೇಕು. ಲಾ ಫಾಲೆಟ್ ಅವರನ್ನು ಹೊಗಳುವ ಬರಹಗಳಲ್ಲಿ ಇದು ಅಷ್ಟಾಗಿ ಕಾಣುವುದಿಲ್ಲ. ಸುಪ್ರೀಂ ಕೋರ್ಟ್ ರದ್ದುಮಾಡಿದ ಕಾಯಿದೆಯನ್ನು ಕಾಂಗ್ರೆಸ್ ಮತ್ತೆ ಜಾರಿಮಾಡುವ ಅಧಿಕಾರ ಇರಬೇಕೆಂಬುದು ಅವರ ಕಾರ್ಯಕ್ರಮದ ಒಂದು ಅಂಶ. ಬಾಲಕಾರ್ಮಿಕರ ರಕ್ಷಣೆಯ ಕಾಯಿದೆಗಳನ್ನು ಆ ಕೋರ್ಟು ಎರಡು ಸಲ ಹೊಡೆದುಹಾಕಿತ್ತು; ಅವರ ಸಿಟ್ಟಿಗೆ ಕಾರಣವಿತ್ತು. ಆದರೆ ನೆಬ್ರಾಸ್ಕ ಸಂಸ್ಥಾನದಲ್ಲಿ ಮೆಯರ್ ಎಂಬ ಶಿಕ್ಷಕರಿಗೆ, ಚರ್ಚಿನ ಶಾಲೆಯಲ್ಲಿ ಹತ್ತು ವರ್ಷದ ಹುಡುಗನಿಗೆ ಜರ್ಮನ್ ಓದಿಸಿದ ಅಪರಾಧಕ್ಕೆ 25 ಡಾಲರ್ ದಂಡ ಬಿದ್ದಾಗ, 1923ರ ಜೂನಿನಲ್ಲಿ ಆ ಶಿಕ್ಷಕರ ಕೈಹಿಡಿದದ್ದೂ ಅದೇ ಕೋರ್ಟು. ಮಕ್ಕಳಿಗೆ ಮನೆಯ ಭಾಷೆ ಕಲಿಸುವ ಸ್ವಾತಂತ್ರ್ಯ ತಾಯಿತಂದೆಗಳಿಗೂ ಶಿಕ್ಷಕರಿಗೂ ಉಂಟೆಂದು ತೀರ್ಪಾಯಿತು. ಹಾಗಿರುವಾಗ ಕೋರ್ಟಿನ ಕೈ ಕಟ್ಟಬೇಕೆನ್ನುವ ಉಮೇದುವಾರನಿಗೆ ಜರ್ಮನ್ ಗೃಹಸ್ಥ ಓಟು ಹಾಕಬಹುದೇ? ಬಹುಮಂದಿ ಹಾಕಿದರು. ಇದು ವಿವೇಕವೋ ಅವಿವೇಕವೋ ಎಂದರೆ ನಮ್ಮ ಅಭಿಪ್ರಾಯ ಹೀಗೆ: ಒಳ್ಳೆಯ ಕಾಲದಲ್ಲಿ ಬಂದ ತೀರ್ಪಿಗಿಂತ ಕೆಟ್ಟ ಕಾಲದಲ್ಲಿ ಪಕ್ಕದಲ್ಲಿ ನಿಂತ ಮನುಷ್ಯ ಅವರಿಗೆ ಹೆಚ್ಚು ನೆನಪಿನಲ್ಲಿದ್ದ. ಆದರೂ ಕಾನೂನಿನ ಆಸರೆಯನ್ನು ಹಗುರವಾಗಿ ಎಣಿಸುವುದು ಅಪಾಯ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣದ ಸೌಲಭ್ಯ ಒದಗಿಸಲು ಯತ್ನಿಸಬೇಕೆಂದು ನಮ್ಮ ಸಂವಿಧಾನದಲ್ಲಿ 1956ರಲ್ಲಿ ಸೇರಿದ 350ಎ ವಿಧಿ ಹೇಳುತ್ತದೆ. ಮುಂಬಯಿಯ ಮುನಿಸಿಪಲ್ ಕನ್ನಡ ಶಾಲೆಗಳಲ್ಲಿ ಓದಿದವರು ನಮ್ಮ ಸಂಘಗಳಲ್ಲಿ ಎಷ್ಟು ಮಂದಿ ಇದ್ದಾರೆಂದು ಎಣಿಸಿ ನೋಡಿದರೆ ಇಂಥ ಆಸರೆಯ ಬೆಲೆ ತಿಳಿಯುತ್ತದೆ.

ದೇಶದ ಲೆಕ್ಕದಲ್ಲಿ ಕೂಲಿಜ್ 382 ನಿರ್ವಾಚಕರೊಡನೆ ಸುಲಭವಾಗಿ ಗೆದ್ದರು, ಡೇವಿಸ್‌ಗೆ 136, ಲಾ ಫಾಲೆಟ್‌ಗೆ ವಿಸ್ಕಾನ್ಸಿನ್ನಿನ 13 ಅಷ್ಟೇ. ಅರಾಜಕತೆಯೇನೂ ಬರಲಿಲ್ಲ. ಆದರೆ ದೇಶದಾದ್ಯಂತ ಅವರಿಗೆ 48 ಲಕ್ಷ ಓಟು, ನೂರಕ್ಕೆ ಹದಿನಾರರ ಮೇಲೆ, ಬಿದ್ದಿತ್ತು. ಪಶ್ಚಿಮದ ಹನ್ನೊಂದು ಸಂಸ್ಥಾನಗಳಲ್ಲಿ ಅವರು ಡೇವಿಸರನ್ನು ಹಿಂದೆ ಹಾಕಿ ಎರಡನೆಯವರಾಗಿದ್ದರು. ರಿಪಬ್ಲಿಕನ್ ಪಕ್ಷ ಅವರನ್ನೂ ಅವರ ಸಂಗಡಿಗರನ್ನೂ ತನ್ನ ಸೆನೆಟ್ ಕೂಟದಿಂದ ಹೊರಗಿಟ್ಟಿತು. ಅದಾಗಿ ಹೆಚ್ಚು ದಿನ ಅವರು ಉಳಿಯಲಿಲ್ಲ. ಎಪ್ಪತ್ತು ತುಂಬಿದ ನಾಲ್ಕನೆಯ ದಿನ, 1925ರ ಜೂನ್ 18ರಂದು ತೀರಿಕೊಂಡರು. ತೆರವಾದ ಸ್ಥಾನಕ್ಕೆ ಜನ ಅವರ ಮಗನನ್ನೇ ಆರಿಸಿದರು.

ಸಂಸ್ಥಾನದೊಳಗೆ ಆ ಚಳವಳಿ ಬೇಗ ಆರಲಿಲ್ಲ. 1932ರಲ್ಲಿ ನಿರುದ್ಯೋಗ ಪರಿಹಾರದ ಕಾಯಿದೆಯನ್ನು ಅಮೆರಿಕದಲ್ಲಿ ಮೊತ್ತಮೊದಲು ಮಾಡಿದ ಸಂಸ್ಥಾನ ವಿಸ್ಕಾನ್ಸಿನ್. ಅದಕ್ಕೆ ರುಜು ಹಾಕಿದ ಗವರ್ನರ್ ಲಾ ಫಾಲೆಟ್ ಅವರ ಎರಡನೆಯ ಮಗ ಫಿಲಿಪ್. ಮೂರು ವರ್ಷಗಳ ಮೇಲೆ ಇಡೀ ದೇಶಕ್ಕೆ ಸಾಮಾಜಿಕ ಭದ್ರತೆಯ ಕಾಯಿದೆ ಬಂದಾಗ ಅದನ್ನು ರೂಪಿಸಿದವರಲ್ಲಿ ವಿಸ್ಕಾನ್ಸಿನ್ನಿನವರು ಮುಂದೆ ಇದ್ದರು. ಹಿರಿಯ ಮಗ 1946ರ ವರೆಗೆ ತಂದೆಯ ಪೀಠವನ್ನು ಕಾಪಾಡಿಕೊಂಡು, ಆ ವರ್ಷ ತಂದೆಯೇ ಜಾರಿಗೆ ತಂದಿದ್ದ ಮತದಾರರ ಒಳ ಆಯ್ಕೆಯಲ್ಲಿ ಜೋಸೆಫ್ ಮೆಕಾರ್ಥಿ ಎಂಬವರಿಗೆ ಸೋತರು. ಆ ಮೆಕಾರ್ಥಿ ಮುಂದೆ ಯಾರು ಯಾರನ್ನು ದೇಶದ್ರೋಹಿ ಎಂದು ಕರೆದರೆಂಬುದು ವಾಚಕರಿಗೆ ಗೊತ್ತಿದೆ. 1955ರಲ್ಲಿ ಸೆನೆಟ್ ತನ್ನ ಇತಿಹಾಸದ ಐವರು ಶ್ರೇಷ್ಠ ಸದಸ್ಯರನ್ನು ಆರಿಸಲು ಜಾನ್ ಕೆನೆಡಿಯವರ ನೇತೃತ್ವದ ಸಮಿತಿಯೊಂದನ್ನು ನಿಯಮಿಸಿತ್ತು. ಸಮಿತಿ ಆರಿಸಿದ ಐವರಲ್ಲಿ ಹಿರಿಯ ಲಾ ಫಾಲೆಟ್ ಒಬ್ಬರು. 1959ರಿಂದ ಅವರ ಭಾವಚಿತ್ರ ಸೆನೆಟಿನ ಸ್ವಾಗತ ಕೊಠಡಿಯ ಗೋಡೆಯ ಮೇಲಿದೆ.