ಪುಕ್ಕಟೆಯ ಉಪಕರಣಗಳು

ಕಚೇರಿಯ ಟಿಪ್ಪಣಿಗೂ ಮನೆಯ ಜಮಾಖರ್ಚಿಗೂ ಅಂತರ್ಜಾಲದಲ್ಲಿ ಪುಕ್ಕಟೆಯಾಗಿ ದೊರೆಯುವ ಸಾಧನಗಳನ್ನು ನಮ್ಮ ವಿದ್ಯಾವಂತರು ಪ್ರಯೋಗಿಸಿ ನೋಡುತ್ತಿರುವುದು ಸ್ತುತ್ಯವೇ ಸರಿ. ಆದರೆ ಪುಕ್ಕಟೆಯಾಗಿ ಬಂದುದು ನಮ್ಮ ಸ್ವತ್ತೆಂದು ಭ್ರಮಿಸಲಾಗದು. ಕೆಲಸಗಳ ಪಟ್ಟಿಯಿಡುವ ವಂಡರ್‌ಲಿಸ್ಟನ್ನು ಮೈಕ್ರೋಸಾಫ್ಟ್ ಸಂಸ್ಥೆಯು 2015ರಲ್ಲಿ ಕೊಂಡು, 2020ರಲ್ಲಿ ಮುಚ್ಚಿಬಿಟ್ಟಿತು. ಎವರ್‌ನೋಟ್ 2023ರ ಡಿಸೆಂಬರಿನಲ್ಲಿ ಹಣ ತೆರದವರಿಗೆ 50 ಟಿಪ್ಪಣಿಗಳ ಮಿತಿಯನ್ನು ವಿಧಿಸಿತು. ದಾತನ ಮನಸ್ಸು ತಿರುಗಿದ ದಿನ ನಮ್ಮ ಲೆಕ್ಕಪತ್ರಗಳ ಗತಿಯೇನು? ಆದಕಾರಣ, ಒಳಗಿಟ್ಟುದನ್ನು ಹೊರತೆಗೆಯಲು ಮಾರ್ಗವುಂಟೇ ಎಂದು ಮೊದಲು ವಿಚಾರಿಸತಕ್ಕದ್ದು. 2010ರಲ್ಲಿ ಹೊರಟ ಲಿಬ್ರೆಆಫೀಸ್ ಸಹ ಪುಕ್ಕಟೆಯೇ. ಅದಾದರೋ ನಮ್ಮ ಯಂತ್ರದಲ್ಲಿಯೇ ನೆಲಸಿ, ಕನ್ನಡದಲ್ಲಿಯೂ ಕೆಲಸಮಾಡುವುದು. ಪರರ ಉಗ್ರಾಣದಲ್ಲಿ ಧಾನ್ಯವಿಟ್ಟವನು ಮನೆಯ ಕಣಜವನ್ನು ಬರಿದುಮಾಡಬಾರದು. ಸ್ವಾವಲಂಬನೆಯ ಮೊದಲ ಪಾಠವು ಇದೇ.