ಗಾಳಿ ತೆಗೆದರೆ ಸಾಲದು

ಚೀಲದ ಗಾಳಿ ಹೀರಿ ಬಾಯಿಗೆ ಬೆಸುಗೆ ಹಾಕುವ ಯಂತ್ರ ಈಗ ಮನೆಬಳಕೆಗೂ ದೊರೆಯುತ್ತಿದೆ. ಮಧುಗಿರಿ, ಕೊರಟಗೆರೆ ಸೀಮೆಯ ನಮಗೆ ಇದರ ತತ್ವ ಹೊಸದಲ್ಲ. ಹಿರಿಯರು ರಾಗಿಯನ್ನು ಹಗೇವಿಗೆ ತುಂಬಿ ಬಾಯಿ ಮುಚ್ಚುತ್ತಿದ್ದರು. ಒಳಗೆ ಉಸಿರಾಡಲು ಗಾಳಿಯಿಲ್ಲದೆ ಹುಳು ಸಾಯುತ್ತಿತ್ತು. ಆದರೆ ಅವರು ಮೊದಲು ಕಾಳನ್ನು ಚೆನ್ನಾಗಿ ಒಣಗಿಸುತ್ತಿದ್ದರೆಂಬುದನ್ನು ಮರೆಯಬಾರದು.

ಯಂತ್ರವು ಗಾಳಿಯನ್ನು ತೆಗೆದೀತು, ತೇವವನ್ನಲ್ಲ. ಕಡಲೇಕಾಯಿಯ ತೇವ ಶೇಕಡಾ 8ಕ್ಕೆ ಇಳಿಯಬೇಕು. ಬೂಷ್ಟು ಹಿಡಿದು ಅಫ್ಲಾಟಾಕ್ಸಿನ್ ವಿಷ ಸೇರಿದ ಮೇಲೆ ಯಾವ ಚೀಲವೂ ಅದನ್ನು ಹೋಗಲಾಡಿಸದು. ಬೇಯಿಸಿದ ಅಡಿಗೆಯನ್ನು ಹೀಗೆ ಕಟ್ಟಿ ಹೊರಗಿಡುವುದಂತೂ ಅಪಾಯ. ಗಾಳಿಯಿಲ್ಲದೆಡೆಯೇ ಬೆಳೆಯುವ ಬಾಟುಲಿಸಂ ರೋಗಾಣುವಿನ ವಿಷ, ವಾಸನೆ ಕೆಡದೆಯೂ ಜೀವ ತೆಗೆಯಬಲ್ಲದು. ಅಂಥದ್ದು ಫ್ರಿಜ್ಜಿನಲ್ಲೇ ಇರಲಿ.

ಯಂತ್ರ ಬೇಡವೆನ್ನೆವು. ಅಡಿಕೆ ಒಣಗಿಸುವಾಗ ತೋರುವ ಎಚ್ಚರವನ್ನು ಮನೆಯ ಕಾಳಿಗೂ ತೋರಿದ ಮೇಲೆ ಕೊಳ್ಳೋಣ ಎಂಬುದೇ ನಮ್ಮ ಅಭಿಪ್ರಾಯ.